ಗಟ್ಟಿಯೋ ಟೊಳ್ಳೋ

ನಮ್ಮ ದೊಡ್ಡಪ್ಪನಿಗೆ ತಟ್ಟಿ ನೋಡುವ ಚಟ. ಹಲಸಿನಹಣ್ಣು, ತೆಂಗಿನಕಾಯಿ, ಮಣ್ಣಿನ ಗಡಿಗೆಗಳನ್ನು ಯಾರಾದರೂ ತಟ್ಟುತ್ತಾರೆ. ದೊಡ್ಡಪ್ಪ ಗೃಹಪ್ರವೇಶಕ್ಕೆ ಹೋದಲ್ಲೂ ಗೋಡೆಗೆ ಗೆಣ್ಣು ಬಡಿದು, ಕಿವಿಗೊಟ್ಟು, ಮನೆಯವರ ಎದುರೇ “ಪ್ಲಾಸ್ಟರ್ ಟೊಳ್ಳು” ಎಂದು ತೀರ್ಪು ಕೊಟ್ಟು, ಆಮೇಲೆ ನಿಶ್ಚಿಂತೆಯಿಂದ ಹೋಳಿಗೆಗೆ ಕೂರುತ್ತಾರೆ. ದೊಡ್ಡಮ್ಮ ಮಾತ್ರ ಎಲೆಯಿಂದ ತಲೆ ಎತ್ತುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ, ವಸ್ತುವಿನ ಗಡಸುತನ ಅಳೆಯಲು ಪ್ರಯೋಗಾಲಯದವರು ನೆಚ್ಚಿಕೊಂಡಿರುವುದೂ ಬಹುಮಟ್ಟಿಗೆ ಗೀರುವುದು, ಒತ್ತುವುದು, ಬಡಿಯುವುದು ಈ ಮೂರನ್ನೇ. ಸಭ್ಯತೆಗೆ ಒಂದು ಯಂತ್ರ ನಡುವೆ ಇಟ್ಟುಕೊಂಡಿದ್ದಾರೆ, ಅಷ್ಟೆ.

ಗೀರುವ ಪಂಥದ ಮೂಲಪುರುಷ ಫ್ರೀಡ್ರಿಕ್ ಮೋಸ್. 1812ರ ಸುಮಾರಿಗೆ ಈ ಜರ್ಮನ್ ಖನಿಜತಜ್ಞ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದ. ಯಾವುದು ಯಾವುದನ್ನು ಗೀರುತ್ತದೋ ಅದು ಮೇಲಿನ ಮೆಟ್ಟಿಲು. ತಳದಲ್ಲಿ ಟಾಲ್ಕ್, ಅಂದರೆ ನಮ್ಮ ಬಳಪದ ಕಲ್ಲಿನಲ್ಲಿರುವ ಆ ನುಣುಪು ಖನಿಜ. ತುದಿಯಲ್ಲಿ ವಜ್ರ. ನಮ್ಮ ಉಗುರು ಎರಡೂವರೆಯ ಹತ್ತಿರ ಎಲ್ಲೋ ಸುಳಿದಾಡುತ್ತದೆ. ಇದರಲ್ಲಿ ತರಗತಿಯ ರ‍್ಯಾಂಕಿನ ದೋಷವೇ ಇದೆ: ಒಂಬತ್ತನೆಯ ಕುರುಂದಕ್ಕೂ ಹತ್ತನೆಯ ವಜ್ರಕ್ಕೂ ಇರುವ ಅಂತರ, ಒಂದಕ್ಕೂ ಒಂಬತ್ತಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಪಟ್ಟಿ ನೋಡಿದವರಿಗೆ ಅದು ತಿಳಿಯುವುದೇ ಇಲ್ಲ.

ಒತ್ತುವವರು ತಾಳ್ಮೆಯ ಜನ. ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ತೋರಿಸಿದ ವಿಧಾನದಲ್ಲಿ 10 ಮಿಲಿಮೀಟರ್ ಉಕ್ಕಿನ ಗುಂಡನ್ನು ಲೋಹದ ಮೇಲಿಟ್ಟು 3000 ಕಿಲೋ ಭಾರ ಹೇರಿ, ಒಂದಷ್ಟು ಸೆಕೆಂಡು ಕಾದು, ಬಿದ್ದ ಕುಳಿಯ ಅಗಲ ಅಳೆಯುತ್ತಾರೆ. ಆಮೇಲೆ ರಾಕ್‌ವೆಲ್ ಬಂತು, ವಿಕರ್ಸ್ ಬಂತು. ಒಬ್ಬರ ಅಂಕ ಇನ್ನೊಬ್ಬರ ಅಂಕಕ್ಕೆ ನೇರವಾಗಿ ಹೊಂದದೆ, ನಡುವೆ ಪರಿವರ್ತನೆಯ ಕೋಷ್ಟಕಗಳು ಹುಟ್ಟಿಕೊಂಡವು.

ನನ್ನ ಒಲವು ಬಡಿಯುವವರ ಕಡೆಗೆ. ಅಮೆರಿಕದ ಆಲ್ಬರ್ಟ್ ಶೋರ್ 1907ರ ಹೊತ್ತಿಗೆ ಗಾಜಿನ ಕೊಳವೆಯೊಳಗೆ ವಜ್ರದ ಮೂತಿಯ ಪುಟ್ಟ ಸುತ್ತಿಗೆ ಬೀಳಿಸಿ, ಅದು ಎಷ್ಟು ಎತ್ತರ ಪುಟಿಯಿತೆಂದು ನೋಡಿದ. 1970ರ ದಶಕದಲ್ಲಿ ಡೀಟ್ಮಾರ್ ಲೀಬ್ ಎತ್ತರದ ಗೊಡವೆಯನ್ನೇ ಬಿಟ್ಟ. 3 ಮಿಲಿಮೀಟರ್ ಗುಂಡು ಮೂತಿಗಿಟ್ಟ ಒಂದು ತುಂಡನ್ನು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಬಡಿಸಿ, ವಾಪಸು ಬರುವ ವೇಗವನ್ನು ಹೋಗುವ ವೇಗದಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಕೈಯಲ್ಲಿ ಹಿಡಿಯುವ ಈ ಉಪಕರಣವನ್ನು ದೊಡ್ಡಪ್ಪನಿಗೆ ತೋರಿಸದಿರುವುದೇ ಕ್ಷೇಮ.

ಇವೆಲ್ಲ ಮೆಲ್ಲಗಿನ ಏಟುಗಳು. 1983ರಲ್ಲಿ ಚಾಲೆಂಜರ್ ನೌಕೆ ಭೂಮಿಯನ್ನು ಸುತ್ತುತ್ತಿದ್ದಾಗ ಅದರ ಕಿಟಕಿಗೆ ಏನೋ ತಾಗಿ ಗಾಜಿನಲ್ಲಿ ಕುಳಿ ಬಿತ್ತು. ಮರಳಿದ ಮೇಲೆ ಗಾಜನ್ನೇ ಬದಲಿಸಬೇಕಾಯಿತು. ಪರೀಕ್ಷಿಸಿದರೆ, ತಾಗಿದ್ದು ಬಣ್ಣದ ಒಂದು ಚಕ್ಕೆ! ನಮ್ಮ ಹಳೆಯ ಗೇಟಿನಿಂದ ಉಗುರಲ್ಲೇ ಎಬ್ಬಿಸುವಂಥದ್ದು. ಮೋಸ್‌ನ ಮೆಟ್ಟಿಲಲ್ಲಿ ಗಾಜಿನ ಕಣ್ಣಿಗೂ ಬೀಳದ ಆಸಾಮಿ. ಯಾರು ಗಟ್ಟಿ ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಜೋರಾಗಿ ಬಂದರು ಎಂಬುದನ್ನೂ ಕೇಳಬೇಕಾಗಿ ಬಂದದ್ದು ಇಂಥ ಕಡೆ. ಹೆಲಿಕಾಪ್ಟರಿನ ರೆಕ್ಕೆಗೆ ಬಡಿಯುವ ಮರಳಿನದೂ ಇದೇ ಕಥೆ.

ಹಾಗಾದರೆ ಅಂಥ ವೇಗದಲ್ಲಿ ಗಡಸುತನ ಅಳೆಯುವುದು ಹೇಗೆ? ಅಮೆರಿಕದ ಎಂಐಟಿಯಲ್ಲಿ ಕೀತ್ ನೆಲ್ಸನ್, ಕ್ರಿಸ್ಟೋಫರ್ ಶೂ ಮುಂತಾದವರ ಬಳಗ ಬಳಸಿದ ಉಪಾಯ ಸೊಗಸಾಗಿದೆ. ಕೂದಲೆಳೆಗಿಂತ ಎಷ್ಟೋ ಸಣ್ಣ ಕಣವೊಂದನ್ನು ತೆಳುವಾದ ಹಾಳೆಯ ಮೇಲೆ ಕೂರಿಸಿ, ಹಿಂದಿನಿಂದ ಲೇಸರ್ ಮಿಡಿತ ಹೊಡೆಯುತ್ತಾರೆ. ಅಡಿಯಲ್ಲಿರುವ ಲೋಹದ ಲೇಪ ಆವಿಯಾಗಿ, ಹಾಳೆ ಉಬ್ಬಿ, ಕಣ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಮಿಂಚಿನ ವೇಗದ ಕ್ಯಾಮೆರಾ ಅದರ ಹೋಗುವ ಬರುವ ಪಯಣವನ್ನು ಕೆಲವೇ ಚಿತ್ರಗಳಲ್ಲಿ ಹಿಡಿಯುತ್ತದೆ. ಹೋಗುವಾಗಿನ ಶಕ್ತಿಯಲ್ಲಿ ಬರುವಾಗಿನದನ್ನು ಕಳೆದರೆ ಸಿಗುವುದು ಲೋಹಕ್ಕೆ ತೆತ್ತ ಸುಂಕ. ಅದನ್ನು ಕುಳಿಯ ಗಾತ್ರದಿಂದ ಭಾಗಿಸಿದರೆ ಗಡಸುತನ. ಲೆಕ್ಕ ಹೈಸ್ಕೂಲಿನದು, ಖರ್ಚು ಮಾತ್ರ ಅಲ್ಲ.

ಈ ಪರೀಕ್ಷೆ ಒಂದು ತಮಾಷೆಯನ್ನು ಹೊರಗೆಡವಿತು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಕಾದ ಲೋಹ ಮೆತ್ತಗಾಗುತ್ತದೆ. 2024ರಲ್ಲಿ ಇಯಾನ್ ಡೌಡಿಂಗ್ ಮತ್ತು ಶೂ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ: ಅತಿವೇಗದ ಕಣಗಳಿಂದ ಬಡಿದಾಗ ಶುದ್ಧ ತಾಮ್ರ ಕಾದಷ್ಟೂ ಗಟ್ಟಿಯಾಗುತ್ತದೆ. ಉಷ್ಣತೆ 157 ಡಿಗ್ರಿ ಏರಿದರೆ ಬಲ ಸುಮಾರು ಶೇಕಡಾ 30ರಷ್ಟು ಹೆಚ್ಚು. ಇದೇ ಚಾಳಿ ಬೇರೆ ಶುದ್ಧ ಲೋಹಗಳಲ್ಲೂ ಉಂಟು.

ಕಾರಣವನ್ನು ಜಾತ್ರೆಯಲ್ಲಿ ಹುಡುಕಬಹುದು. ಲೋಹ ಬಾಗುವುದು ಅದರ ಪರಮಾಣು ಸಾಲುಗಳ ನಡುವಿನ ಕೊರೆಗಳು, ಅಂದರೆ ಜೋಡಣೆಯ ದೋಷಗಳು, ಜರುಗುವುದರಿಂದ. ಶಾಖವೆಂದರೆ ಪರಮಾಣುಗಳ ಕುಲುಕಾಟ. ತೇರಿನ ಬೀದಿಯಲ್ಲಿ ನಿಧಾನವಾಗಿ ನಡೆಯುವವನಿಗೆ ಜನರ ತಳ್ಳಾಟವೇ ಒಂದು ಉಪಕಾರ. ಅಡ್ಡ ನಿಂತ ಬೆಂಡು ಬತ್ತಾಸಿನ ಅಂಗಡಿಯನ್ನೂ ಹೇಗೋ ದಾಟಿಸಿಬಿಡುತ್ತದೆ. ಬಸ್ಸು ಹಿಡಿಯಲು ಓಡುವವನಿಗೆ ಅದೇ ತಳ್ಳಾಟ ಹೆಜ್ಜೆಹೆಜ್ಜೆಗೂ ಅಡ್ಡಿ. ಮೆಲ್ಲಗೆ ಒತ್ತಿದಾಗ ಕೊರೆಗಳಿಗೆ ನೆರವಾಗುವ ಕುಲುಕಾಟವೇ, ಕಣ ಧಾವಿಸಿ ಬಡಿದಾಗ ಅವುಗಳ ಕಾಲು ಹಿಡಿದೆಳೆಯುತ್ತದೆ. ಕಾದಷ್ಟೂ ಕುಲುಕಾಟ ಹೆಚ್ಚು, ಎಳೆತವೂ ಹೆಚ್ಚು.

ಇದನ್ನು ಓದಿ ಯಾವ ಕಮ್ಮಾರನೂ ಕುಲುಮೆ ಆರಿಸಬೇಕಿಲ್ಲ. ಅವನ ತೋಳಿನ ಏಟು ಎಷ್ಟೇ ಬಿರುಸಾದರೂ ಜಾತ್ರೆಯ ನಿಧಾನಸ್ಥರ ಗುಂಪಿಗೇ ಸೇರಿದ್ದು. ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಸುತ್ತಿಗೆ ಬೀಸುವವನು ಯಾರಾದರೂ ಹುಟ್ಟಿದರೆ, ಗಾದೆ ತಿದ್ದುವ ವಿಚಾರವನ್ನು ಆಗ ನೋಡಿಕೊಂಡರಾಯಿತು.