ನಾಕನೇದು ಮಲಗೈತ್ರಿ, ಮಾಸ್ತರ

ಗಬ್ಬೂರ ಕ್ರಾಸಿನ ಸುತ್ತಮುತ್ತ ಲಾರಿ ಗ್ಯಾರೇಜು ಇದ್ದಲ್ಲೆಲ್ಲ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಅವರ ನಿಜವಾದ ಹೆಸರು ರೇಶನ್ ಕಾರ್ಡಿಗೆ ಮಾತ್ರ ಗೊತ್ತು. ಗಾಡಿ ಮಾಲಕನಿಗೂ ಕಾಕಾ, ಕ್ಲೀನರ್ ಹುಡುಗನಿಗೂ ಕಾಕಾ, ಅವರಿಗಿಂತ ಹತ್ತು ವರ್ಷ ಹಿರಿಯನಾದ ಚಹಾದಂಗಡಿಯವನಿಗೂ ಕಾಕಾ. ಅಂಗಿಯ ಮೂಲ ಬಣ್ಣ ಕಂಡವರು ಯಾರೂ ಉಳಿದಿಲ್ಲ. ಬೆರಳ ಗೆರೆಗಳಲ್ಲಿ ಗ್ರೀಸು, ಕಿವಿಯ ಮೇಲೊಂದು ಬೀಡಿ, ಬಾಯಲ್ಲಿ ಎದುರಿಗಿದ್ದವನ ಬಗ್ಗೆ ಒಂದು ಅಭಿಪ್ರಾಯ.

ನನಗೆ ಇವರ ಪರಿಚಯವಾದದ್ದು ನನ್ನದೇ ದುರಾಸೆಯಿಂದ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿ ಎಲ್ಲಿಗೆ ಮುಟ್ಟಿದರೆಂಬುದು ನಮ್ಮ ಕಡೆ ಮನೆಮನೆಯ ಕಥೆ. ಧಾರವಾಡದ ನಿವೃತ್ತ ಕನ್ನಡ ಮಾಸ್ತರನಾದ ನಾನೂ ಪಿ.ಎಫ್. ಹಣದಲ್ಲಿ ಆರು ಚಕ್ರದ ಹಳೆಯ ಲಾರಿಯೊಂದನ್ನು ಕೊಂಡೆ. ಒಂದೇ ಲಾರಿಯಿಂದ ಶುರು ಮಾಡುವ ಭಾಗ ನನಗೂ ಸಲೀಸಾಗಿ ಬಂತು.

ಒಂದು ಮಳೆಗಾಲ ಗಾಡಿ ನಿಂತಲ್ಲೇ ಚಳಿಜ್ವರದವರಂತೆ ನಡುಗತೊಡಗಿತು. ಬೆಳಿಗ್ಗೆ ಚಾಲೂ ಮಾಡಿದರೆ ಓಣಿ ತುಂಬ ಬಿಳಿ ಹೊಗೆ. ಮಂಗಳೂರಿನಿಂದ ಹಂಚು ಹೇರಿಕೊಂಡು ಬರುವಾಗ ಅರಬೈಲ್ ಘಾಟಿನಲ್ಲಿ ಎಮ್ಮೆಯೊಂದು ನಮ್ಮನ್ನು ಹಿಂದೆ ಹಾಕಿತಂತೆ. ಡೀಸೆಲ್ ಕಲಬೆರಕೆ ಎಂದ ಡ್ರೈವರ್. ಏರ್ ಹಿಡಿದಿದೆ ಎಂದ ಕ್ಲೀನರ್. ಪಂಪ್ ಹೋಗಿದೆ ಎಂದ, ಸ್ಕೂಟರೂ ಇಲ್ಲದ ನಮ್ಮ ನೆರೆಮನೆಯವ. ಕಾಕಾನ ಬಾಯಿಗೆ ಸಿಗುವುದನ್ನು ತಪ್ಪಿಸಿಕೊಳ್ಳಲು ನಾನು ಎಲ್ಲರ ಮಾತೂ ಕೇಳಿದೆ. ಫಿಲ್ಟರ್ ಬದಲಾಯಿತು, ಏರ್ ತೆಗೆದದ್ದಾಯಿತು, ಪಂಪ್ ಕ್ಯಾಲಿಬ್ರೇಶನ್ನಿಗೆ ಹೋಗಿ ಬಂತು. ಹಣ ಹೋಯಿತು, ನಡುಕ ಉಳಿಯಿತು.

ಕೊನೆಗೆ ಗಬ್ಬೂರಿಗೇ ಹೋದೆ. ಗಾಡಿಯ ಲಕ್ಷಣಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದುಕೊಂಡಿದ್ದೆ. "ಮೊದಲನೆಯದಾಗಿ..." ಎನ್ನುವಷ್ಟರಲ್ಲಿ ಕಾಕಾ ಅಂಗೈ ಎತ್ತಿದರು.

"ಸುಮ್ನ ನಿಂದರ್ರಿ ಮಾಸ್ತರ. ಗಾಡಿ ಮಾತಾಡಾಕತ್ತೈತಿ."

ನನ್ನ ಹೊಟ್ಟೆ ಉರಿಸುವುದು ಇದೇ. ಚಹಾ ಬರುವ ತನಕ ಬಾನೆಟ್ ಎತ್ತದಿರುವುದನ್ನು ಸಹಿಸಬಹುದು. ಬೀಡಿ ಕಟ್ಟಿನ ಕಾಗದದ ಮೇಲೆ ಬಿಲ್ ಬರೆಯುವುದನ್ನೂ ಸಹಿಸಬಹುದು. ಆದರೆ ಮೂವತ್ತು ವರ್ಷ ಯಾರೂ ತಡೆಯದಂತೆ ಮಾತಾಡಿ ಪಗಾರ ತೆಗೆದುಕೊಂಡವನ ಬಾಯಿ ಮುಚ್ಚಿಸಿ ಇಂಜಿನ್ನಿಗೆ ಮಾತಾಡಲು ಬಿಡುವುದೆಂದರೆ!

ಆಮೇಲೆ ಎಂದಿನ ಮಂತ್ರ: "ಯಾವ ಶ್ಯಾಣ್ಯಾ ಕೈ ಹಚ್ಚ್ಯಾನ ಇದಕ್ಕ? ನಟ್ಟಿನ ಮೂಲಿ ಎಲ್ಲಾ ತಿಂದು ಹಾಕ್ಯಾನ."

"ಕಾಕಾ, ಹೋದ ದೀಪಾವಳಿಗೆ ನೀವೇ ಬಿಚ್ಚಿದ್ರಿ" ಎಂದೆ.

"ಅಂಥವರ ಕೈಯಾಗ ಗಾಡಿ ಕೊಡಬಾರದ್ರಿ" ಎಂದರು ಕಾಕಾ, ನಿರ್ವಿಕಾರವಾಗಿ.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ, ಕಣ್ಣು ಮುಚ್ಚಿ ಒಂದೊಂದೇ ಸಿಲಿಂಡರ್ ದಾಟಿದರು. ಬಳಿಕ 17ರ ಪಾನಾ ತೆಗೆದುಕೊಂಡು, ಇಂಜಿನ್ ಓಡುತ್ತಿರುವಾಗಲೇ, ಮೊದಲನೇ ನಾಝಲ್ ಪೈಪಿನ ನಟ್ಟು ಸಡಿಲಿಸಿದರು. ಡೀಸೆಲ್ ಚಿಮ್ಮಿತು, ಇಂಜಿನ್ನಿನ ಸದ್ದು ಕುಸಿಯಿತು. ಬಿಗಿದರು. ಎರಡನೆಯದು, ಕುಸಿಯಿತು. ಮೂರನೆಯದು, ಕುಸಿಯಿತು. ನಾಲ್ಕನೆಯದನ್ನು ಸಡಿಲಿಸಿದಾಗ ಡೀಸೆಲ್ ಸೋರಿತೇ ಹೊರತು ಸದ್ದು ಇದ್ದ ಹಾಗೇ ಇತ್ತು.

"ಇದು ಆರು ಹುಡುಗರ ಕ್ಲಾಸ್ ಐತ್ರಿ. ಒಬ್ಬನ್ನ ಹೊರಗ ಹಾಕಿದ್ರ ಗದ್ಲ ಕಡಿಮಿ ಆಗಬೇಕು. ಈ ನಾಕನೇದನ್ನ ಹೊರಗ ಹಾಕಿದ್ರೂ ಕ್ಲಾಸಿಗೆ ಗೊತ್ತಾಗವಲ್ದು. ಮೊದಲ ಮಲಗೈತ್ರಿ, ಮಾಸ್ತರ."

ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ನಿಂತ ಗಾಡಿಯ ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆಂದರೆ, ಎರಡು ಸುತ್ತಿಗೊಮ್ಮೆ ಉರಿಯುವ ಆರು ಸಿಲಿಂಡರುಗಳಿಂದ ಸೆಕೆಂಡಿಗೆ 30 ಬಡಿತ. ಅದರಲ್ಲಿ ಐದು ಬಡಿತ ತಪ್ಪುತ್ತಿದ್ದವು. ತಾಳ ತಪ್ಪಿದ್ದು ನನ್ನ ಕಿವಿಗೂ ಗೊತ್ತಾಗಿತ್ತು. ಯಾರದು ತಪ್ಪಿತೆಂದು ತಿಳಿದದ್ದು ಅವರ ಕಿವಿಗೆ.

ಅಲ್ಲಿಗೂ ಅವರಿಗೆ ಸಮಾಧಾನವಿಲ್ಲ. ನಾಲ್ಕು ಮತ್ತು ಐದರ ನಾಝಲ್‌ಗಳನ್ನು ಅದಲು ಬದಲು ಮಾಡಿದರು. ಮಿಸ್ಸಿಂಗ್ ಐದನೆಯದಕ್ಕೆ ಹಾರಿತು. ನಾಲ್ಕರಲ್ಲೇ ಉಳಿದಿದ್ದರೆ ವಾಲ್ವೋ ರಿಂಗೋ, ನನ್ನ ಪೆನ್ಶನ್ನೂ ಜೊತೆಗೆ ಹೋಗುತ್ತಿತ್ತು. ಹಾರಿದ್ದರಿಂದ ಕಳ್ಳ ನಾಝಲ್ಲೇ. ಕೈಪಂಪಿಗೆ ಹಚ್ಚಿ ಒತ್ತಿದಾಗ, ಮಂಜಿನಂತೆ ಸಿಡಿಯಬೇಕಾದ ಡೀಸೆಲ್ ಎಳೆಗೂಸಿನ ಜೊಲ್ಲಿನಂತೆ ತೊಟ್ಟಿಕ್ಕಿತು. ಸೂಜಿಯ ಮೇಲೆ ತುಕ್ಕಿನ ಕಂದು ಗೆರೆ.

"ನೀರು ಕುಡದೈತ್ರಿ ಪಾಪ" ಎನ್ನುತ್ತ ಕಾಕಾ ನೆಟ್ಟಗೆ ಡೀಸೆಲ್ ಟಾಕಿಯ ಕಡೆ ನಡೆದರು. ಮುಚ್ಚಳದ ಜಾಗದಲ್ಲಿ ಪ್ಲಾಸ್ಟಿಕ್ ಚೀಲ, ಅದಕ್ಕೆ ಸುತಳಿ. ಮುಚ್ಚಳ ಕಳೆದಾಗ ಹೊಸದು ಯಾಕೆಂದು ನಾನೇ ಕಟ್ಟಿಸಿದ್ದು. ಡ್ರೈವರ್ ಆಕಾಶ ನೋಡಿದ. ನನ್ನ ನೋಟ್‌ಬುಕ್ಕಿನ ಹನ್ನೊಂದು ಲಕ್ಷಣಗಳಲ್ಲಿ ಇದು ಇರಲಿಲ್ಲ.

ಈಗ ಕಾಕಾನಿಗೆ ಕೆಲಸ ಕಡಿಮೆ. 2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಲಾರಿಗಳೆಲ್ಲ ಬಿಎಸ್-6. ಅವುಗಳ ಕಾಮನ್ ರೇಲ್ ಇಂಜಿನ್ನಿನಲ್ಲಿ ಪೈಪಿನ ನಟ್ಟಿಗೆ ಪಾನಾ ಹಚ್ಚುವಂತಿಲ್ಲ. 1,000 ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತದೆ. ಅವರ ಅಣ್ಣನ ಮಗ ಸ್ಕ್ಯಾನರ್ ಚುಚ್ಚಿ ಕೋಡ್ ಓದುತ್ತಾನೆ. ಆಗ ಕಾಕಾ ಹಳೆಯ ಟಯರಿನ ಮೇಲೆ, ಬೀಗರ ಮನೆಯ ಮದುವೆಗೆ ಬಂದವರಂತೆ, ಕೈಕಟ್ಟಿ ಕೂತಿರುತ್ತಾರೆ. ಒಮ್ಮೆ ಸೆನ್ಸರ್ ಬದಲಿಸಿದರೂ ಗಾಡಿಯೊಂದು ಕೆಮ್ಮುವುದು ನಿಲ್ಲಲಿಲ್ಲ. ಕಾಕಾ ಕೂತಲ್ಲಿಂದಲೇ, "ಟಾಕಿ ಮುಚ್ಚಳ ನೋಡ್ರೆಪಾ" ಎಂದರು, ನನ್ನ ಕಡೆ ನೋಡುತ್ತ.

ಅಂದೇ ಆ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಸರ, ಕಾಕಾಗ ಸಿಟ್ಟಿಲೆ ಒದರಬ್ಯಾಡ್ರಿ. ಅವರಿಗೆ ಕಿವಿ ಸರಿ ಕೇಳಂಗಿಲ್ಲ, ಭಾಳ ವರ್ಷ ಆತು." ಸದ್ದಿನಲ್ಲೇ ಬದುಕಿದವರ ಕಿವಿಯಿಂದ ಮೊದಲು ಹೋಗುವುದು ಸಣ್ಣ, ಚೂಪು ದನಿಗಳಂತೆ. ಮಾತಿನ ಸ, ಶ, ತ ಎಲ್ಲ ಹೋಗಿ ಇಂಜಿನ್ನಿನ ದಪ್ಪ ಬಡಿತ ಉಳಿಯುತ್ತದೆ. ದೀಪಾವಳಿಯ ಆ ಮಾತು ಅವರಿಗೆ ಮುಟ್ಟಿಯೇ ಇರಲಿಲ್ಲ. ಅವರ ಬೆನ್ನ ಹಿಂದೆ ನಾನು ಆಡಿದ್ದೂ ಮುಟ್ಟಿಲ್ಲ ಎಂದು ಒಂದು ಕಡೆ ನೆಮ್ಮದಿಯಾಯಿತು, ಇನ್ನೊಂದು ಕಡೆ ಏನೋ ಆಯಿತು.

ಮುಂದಿನ ಸಲ ಹೋಗುವಾಗ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಯುವಂತೆ ದೊಡ್ಡ ಅಕ್ಷರದಲ್ಲಿ, ಇಡೀ ಹಾಳೆಯ ತುಂಬ ಬರೆದು ಅವರ ಕೈಗೆ ಕೊಟ್ಟೆ. ಕಾಕಾ ಎರಡೂ ಬದಿ ತಿರುಗಿಸಿ ನೋಡಿದರು. ಡಿಪ್‌ಸ್ಟಿಕ್ ಎಳೆದು, ಆ ಹಾಳೆಯಿಂದ ಒರೆಸಿ, ಆಯಿಲ್ ಮಟ್ಟ ನೋಡಿ, ಅಂಗೈ ಎತ್ತಿದರು.

"ಗಾಡಿ ಚಾಲೂ ಮಾಡ್ರಿ."