ಸಂದು ಚುಕ್ಕಿಯ ಪುಟಗಳು

ನಮ್ಮ ಸೋದರತ್ತೆಗೆ ಪೈಥಾನ್ ಬರುವುದಿಲ್ಲ. ಆದರೆ ಅವರು ಫೋನಿನಲ್ಲಿ "15ರಿಂದ 8, ಸಂದು ಚುಕ್ಕಿ" ಎಂದರೆ ಮುಗಿಯಿತು, ರಂಗೋಲಿಯ ಪ್ರೋಗ್ರಾಮಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ನಡುಸಾಲಿಗೆ 15 ಚುಕ್ಕಿ. ಮೇಲಕ್ಕೂ ಕೆಳಕ್ಕೂ ಒಂದೊಂದೇ ಇಳಿಯುತ್ತ 8ಕ್ಕೆ ನಿಲ್ಲಬೇಕು. ಪ್ರತಿ ಸಾಲೂ ಪಕ್ಕದ ಸಾಲಿನ ಸಂದಿಯಲ್ಲಿ ಕೂರಬೇಕು. ಒಟ್ಟು 169. ಅತ್ತೆ ಎಣಿಸುವುದಿಲ್ಲ, ಹಾಕುತ್ತಾರೆ. ನಾನು ಎಣಿಸಬಲ್ಲೆ, ಹಾಕಲಾರೆ. ಸಾಲುಗಳ ನಡುವಿನ ಅಂತರ ಚುಕ್ಕಿಗಳ ಅಂತರದ 0.866ರಷ್ಟಿದ್ದರೆ ಮೂಲೆಗಳು ಸರಿಬರುತ್ತವೆ ಎಂದು ನನಗೆ ತ್ರಿಕೋನಮಿತಿ ಹೇಳುತ್ತದೆ, ಅವರಿಗೆ ಹೆಬ್ಬೆರಳು ಹೇಳುತ್ತದೆ.

ಧನುರ್ಮಾಸಕ್ಕೆ ದಿನಕ್ಕೊಂದು ಪುಟದ ಪುಸ್ತಕ ಮಾಡಿಕೊಡು ಎಂಬುದು ಅವರ ಬೇಡಿಕೆ. ಚುಕ್ಕಿ ಮಾತ್ರ ಸಾಕು. ಗೆರೆಗೆ ಕಂಪ್ಯೂಟರು ಕೈಹಾಕಕೂಡದು.

ವಾಟ್ಸಾಪಿನಲ್ಲಿ ತಿರುಗುವ ರಂಗೋಲಿ ಫೋಟೋವನ್ನು ಹಿಗ್ಗಿಸಿದರೆ ಚುಕ್ಕಿಗಳೆಲ್ಲ ಚೌಕವಾಗುತ್ತವೆ. ವೆಕ್ಟರ್ ಚಿತ್ರಕ್ಕೆ ಈ ಕಾಟವಿಲ್ಲ. ಅದರಲ್ಲಿರುವುದು ಚುಕ್ಕಿಯ ವಿಳಾಸ: ಕೇಂದ್ರ ಇಲ್ಲಿ, ತ್ರಿಜ್ಯ ಇಷ್ಟು. ಲಗ್ನಪತ್ರಿಕೆಯ ಮೂಲೆಗೂ ಹಾಕಿ, ಬೀದಿಯಗಲದ ಫ್ಲೆಕ್ಸಿಗೂ ಹಾಕಿ, ದುಂಡಗೇ ಇರುತ್ತದೆ. 2001ರಲ್ಲಿ ಮಾನಕವಾದ ಎಸ್‌ವಿಜಿ ಇದಕ್ಕೆ ಹೇಳಿಮಾಡಿಸಿದ್ದು. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಲು ಬರುತ್ತದೆ, ವೃತ್ತ, ವೃತ್ತ, ವೃತ್ತ ಎಂದು 169 ಸಾಲು. ಆದರೆ ಅದಕ್ಕೆ ಪುಟವೆಂದರೆ ಏನೆಂದೇ ತಿಳಿಯದು. ಇಂಕ್‌ಸ್ಕೇಪ್ ತನ್ನ 1.2 ಆವೃತ್ತಿಯಲ್ಲಿ, 2022ರಲ್ಲಿ, ಒಂದೇ ಹಾಸಿನ ಮೇಲೆ ಆಯತಗಳನ್ನು ಜೋಡಿಸಿ ಇವೇ ಪುಟಗಳು ಅಂದಿತು. ಅದೇ ಕಡತವನ್ನು ಬ್ರೌಸರಿಗೆ ಕೊಟ್ಟರೆ ಅದು ಮೊದಲ ಪುಟ ತೋರಿಸಿ ಕೈತೊಳೆದುಕೊಳ್ಳುತ್ತದೆ. ಬೈಯುವಂತಿಲ್ಲ. ಅಂಗಳಕ್ಕೆ ಮಾತ್ರ ಪುಟ ಎಲ್ಲಿದೆ?

ಪುಟ ಬೇಕೆಂದರೆ ಪಿಡಿಎಫ್‌ಗೇ ಹೋಗಬೇಕು, 1993ರಿಂದ ಅದರ ಕಸುಬೇ ಅದು. ಪೈಥಾನಿನಿಂದ ಕೈರೋ ಲೈಬ್ರರಿಯನ್ನು ಕರೆದು, 595ಕ್ಕೆ 842 ಪಾಯಿಂಟಿನ ಎ4 ಹಾಳೆ ಹಾಸಿ, ಎರಡು ಲೂಪಿನಲ್ಲಿ ಚುಕ್ಕಿಯಿಟ್ಟು, ಕೊನೆಗೆ 'ಶೋ ಪೇಜ್' ಎಂದರಾಯಿತು. ಆ ಆಜ್ಞೆ ಥೇಟ್ ಬೆಳಗಿನ ಬಕೆಟ್ ನೀರು: ನಿನ್ನೆಯದು ಹೋಯಿತು, ನೆಲ ಹಸನಾಯಿತು, ಮುಂದಿನದು ಶುರು.

ತಲೆಬರಹದ ವಿಷಯ ಬೇರೆ. 'ಸಂಕ್ರಾಂತಿ' ಎಂದು ಬರೆಸಹೋದರೆ ಕೈರೋದ ಸರಳ ಅಕ್ಷರ ಆಜ್ಞೆಗೆ ಒತ್ತಕ್ಷರ ಕೂಡಿಸುವುದು ಗೊತ್ತಿಲ್ಲ; ಅದನ್ನು ಮಾಡಿದವರೇ ಆಟಿಕೆಯೆಂದು ಕರೆದಿರುವಾಗ ದೂರುವುದು ಯಾರನ್ನು? ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿ ಬಂದು ಒತ್ತನ್ನು ಅದರ ಜಾಗಕ್ಕೆ ಕೂರಿಸಬೇಕು. ಸಾವಿರ ಚುಕ್ಕಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಗುತ್ತದೆ. ಒಂದು ಒತ್ತಿಗೆ ಮಧ್ಯಾಹ್ನವೆಲ್ಲ ಹೋಗುತ್ತದೆ.

ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲೇ ತಮಿಳರ ಕೋಲಂಗೆ ಗಣಿತದ ವ್ಯಾಕರಣ ಕಟ್ಟಿದ್ದರು. ಇದನ್ನು ಅತ್ತೆಗೆ ಹೇಳಿದೆ. "ವ್ಯಾಕರಣ ಇಲ್ದೆ ಯಾರಾದ್ರೂ ರಂಗೋಲಿ ಹಾಕ್ತಾರೇನೋ?" ಅಂದರು.

ಉಳಿದದ್ದು ಪುಟಗಳ ಲೆಕ್ಕ. ನಾವು 1ರಿಂದ 30 ಎಂದರೆ 30 ಸೇರಿಯೇ. ಪೈಥಾನಿನ ರೇಂಜಿಗೆ 1, 30 ಎಂದು ಕೊಟ್ಟರೆ 29ಕ್ಕೇ ನಿಂತುಬಿಡುತ್ತದೆ. ಇದು ಆ ಭಾಷೆಯ ಮೊಂಡುತನ ಎಂದುಕೊಂಡಿದ್ದೆ. ಆದರೆ ಸೂರ್ಯ ಧನು ರಾಶಿಯಲ್ಲಿರುವುದೇ ಹೆಚ್ಚೂಕಡಿಮೆ ಇಪ್ಪತ್ತೊಂಬತ್ತೂವರೆ ದಿನವಾದ್ದರಿಂದ ಮಾಸವೂ ಒಮ್ಮೊಮ್ಮೆ 29ಕ್ಕೇ ಮುಗಿಯುತ್ತದೆ. ಎಷ್ಟು ಪುಟ ಹೊಡೆಸಲಿ ಎಂದು ಕೇಳಿದರೆ, "ತಾಳು, ಪಂಚಾಂಗ ನೋಡಿ ಹೇಳ್ತೀನಿ. ಅಲ್ಲೀವರೆಗೂ ನಿನ್ನ ಮಿಷನ್ ಆಫ್ ಮಾಡಿಟ್ಟಿರು, ಕರೆಂಟು ದಂಡ" ಎಂದರು.