ಕೆರೆತಳದ ಅಂಕಪಟ್ಟಿ

ಮಹಾರಾಷ್ಟ್ರದ ನಮ್ಮ ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರದ ಕಡೆ ನೀರಿನ ಬಗ್ಗೆ ಕೇಳಬಹುದಾದ ಪ್ರಶ್ನೆ ಒಂದೇ: ಐತೋ, ಇಲ್ಲೋ? ಹ್ಯಾಂಗೈತಿ ಎಂದು ಕೇಳಿದವನು ಸೊಕ್ಕಿನವ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ನೀರು ರೈಲು ಹತ್ತಿ ಬಂತು. ಮೊದಲ ಗಾಡಿಗೆ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಅಂಥ ನೀರಿನ ಗುಣ ಕೇಳಲು ಯಾರಿಗೆ ಬಾಯಿ ಬಂದೀತು?

ಆದರೆ ಗುಣದ ಲೆಕ್ಕ ಇಡುವವರು ಕೆರೆಯ ಹೂಳಿನಲ್ಲೇ ಇದ್ದಾರೆ. ತಳದ ಹುಳುಹುಪ್ಪಟೆ ನೋಡಿ ನೀರಿಗೆ ದರ್ಜೆ ಕೊಡುವ ಪದ್ಧತಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿಯೂ ಉಂಟು. ಇಂಥ ಪದ್ಧತಿಗಳಲ್ಲಿ ಮೇಫ್ಲೈ ಎಂಬ ಕೀಟದ ಕೆಲವು ನಾಜೂಕಿನ ಮರಿಗಳು ಸಿಕ್ಕರೆ 10 ಅಂಕ. ಕೊಳಚೆಗೆ ಒಗ್ಗಿದ ಟ್ಯುಬಿಫೆಕ್ಸ್ ಹುಳುಗಳಿಗೆ 1. ಕೈರೊನೊಮಿಡ್ ಎಂಬ ನುಸಿಯ ಕೆಂಪು ಮರಿಯಂತೂ ಮಹಾ ಜಾಣ. ಆಮ್ಲಜನಕ ಕಡಿಮೆಯಾದರೂ ನಡೆಯಲೆಂದು ಮೈಯಲ್ಲೇ ಹಿಮೋಗ್ಲೋಬಿನ್ ಇಟ್ಟುಕೊಂಡಿದೆ. ಯಾವ ಪಕ್ಷದ ಸರ್ಕಾರ ಬಂದರೂ ಅದರ ಸ್ಥಾನ ಭದ್ರ.

ಇವರನ್ನು ಸಾಕ್ಷಿಗೆ ಕರೆಯುವುದಿಲ್ಲ ಏಕೆ? ಬಾಟಲಿಗೆ ತುಂಬಿದ ನೀರು ಆ ಒಂದು ಗಳಿಗೆಯ ಮಾತು ಹೇಳುತ್ತದೆ. ಸಾಹೇಬರು ಬರುವ ದಿನ ಕೊಳಚೆಯ ಬಾಯಿ ಕಟ್ಟಿದರೆ ಕೆರೆ ಪಾಸು. ಹುಳು ಹಾಗಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಇದ್ದು ಎಲ್ಲ ಕಂಡಿರುತ್ತದೆ. ಭತ್ಯೆ ಬೇಡುವುದಿಲ್ಲ, ವರ್ಗಾವಣೆಗೆ ಹೆದರುವುದಿಲ್ಲ. ಇಂಥ ಸಾಕ್ಷಿ ಯಾರಿಗೆ ಬೇಕು?

2017ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆ ತಂದಿತು. ಗಾಳ ಅಂದರೆ ಮರಾಠಿಯಲ್ಲಿ ಹೂಳು. ಕೆರೆಯ ಹೂಳು ಹೊಲಕ್ಕೆ ಬಿದ್ದರೆ ಬೆಳೆಗೆ ಒಳ್ಳೆಯದು, ಕೆರೆಗೂ ಜಾಗ, ತಕರಾರಿಲ್ಲ. ಆದರೆ ಎಷ್ಟು ಘನ ಮೀಟರ್ ಎತ್ತಿದಿರಿ ಎಂಬುದಕ್ಕೆ ಲೆಕ್ಕವಿದೆ. ಅದರಲ್ಲಿ ಏನು ಬದುಕಿತ್ತು ಎಂಬುದಕ್ಕೆ ಕಾಲಂ ಇಲ್ಲ. ಸಾಕ್ಷಿಗಳು ಟ್ರ್ಯಾಕ್ಟರ್ ಏರಿ ತೊಗರಿ ಹೊಲಕ್ಕೆ ಹೋದರು, ಕಡತ ಮುಗಿಯಿತು.

ನಮ್ಮಲ್ಲಿ ಬೆಂಕಿ ಆರಿಸಲು ನೀರಿಲ್ಲ. ಬೆಂಗಳೂರಿನ ಬೆಳ್ಳಂದೂರಿನಲ್ಲಿ 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ಕೆರೆ ಉಳಿಸದ ಕರ್ನಾಟಕ ಸರ್ಕಾರಕ್ಕೆ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ 50 ಕೋಟಿ ರೂಪಾಯಿ ಕಟ್ಟೆಂದಿತು. ಕೆಡುವ ಹೊತ್ತಿಗೇ ತಳವನ್ನು ಕೇಳಿದ್ದರೆ, ಹೂಳು ಸೋಸಿ ಹುಳು ನೋಡಲು ಒಂದು ಜರಡಿ, ಒಂದು ಬಿಳಿ ತಟ್ಟೆಯ ಖರ್ಚು.

ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಹೂಳು ತೆಗೆದಿರಿ ಎಂದಷ್ಟೇ ಕೇಳಬೇಡಿ, ಅದರಲ್ಲಿ ಯಾವ ಹುಳು ಸಿಕ್ಕವು ಎಂದೂ ಕೇಳಿ. ಉತ್ತರ ಬರದಿದ್ದರೆ, ಶಾಲೆಯ ಮಕ್ಕಳ ಕೈಗೆ ಜರಡಿ ಕೊಡಿ.